ಎಡಕ್ಕೆ ವಾಲಿದವಳ ತಿರುಗಾಟ

ನಮ್ಮೂರಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲರೂ ಒಂದು ಪಕ್ಕಕ್ಕೆ ವಾಲಿರುತ್ತೇವೆ. ಕೆಲವರು ಜಾಸ್ತಿ, ಕೆಲವರು ಕಮ್ಮಿ, ಅಷ್ಟೇ ವ್ಯತ್ಯಾಸ. ಮಂಚದ ಒಂದು ಬದಿಯ ಕಾಲುಗಳ ಕೆಳಗೆ ಇಟ್ಟಿಗೆ ಬೀಳುತ್ತವೆ. ಟೈಲರ್ ಅಂಗಿಗೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಹೊಲಿದು ಕೊಡುತ್ತಾನೆ. ಮದುವೆ ಮನೆಯಲ್ಲಿ ಫೋಟೊ ತೆಗೆಯುವವನು ನೆಟ್ಟಗೆ ನಿಲ್ಲಿ ಅಂತ ಯಾರಿಗೂ ಹೇಳುವುದಿಲ್ಲ, ಕ್ಯಾಮೆರಾವನ್ನೇ ಓರೆಯಾಗಿ ಹಿಡಿದು ಕೆಲಸ ಮುಗಿಸುತ್ತಾನೆ. ಬೇರೆ ಕಡೆಯಿಂದ ಬಂದ ಸೊಸೆಯರು ಮೊದಲ ವರ್ಷ ಗಾಬರಿ ಬೀಳುತ್ತಾರೆ, ಎರಡನೇ ವರ್ಷ ಅವರೂ ವಾಲುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಸರಿಹೋಗುವುದೇನೂ ಕಷ್ಟವಲ್ಲ. ಮಳೆ ನಿಂತ ಕೂಡಲೇ ಸುತ್ತಮುತ್ತಲ ಊರುಗಳಲ್ಲಿ ಎಕ್ಸಿಬಿಷನ್ನು, ದನದ ಮೇಳ, ಮಕ್ಕಳ ಪಾರ್ಕು ಅಂತ ಏನಾದರೊಂದು ಶುರುವಾಗುತ್ತದೆ. ಎಲ್ಲಿ ಹೋದರೂ ಒಂದು ಕುದುರೆ ತೊಟ್ಟಿಲು ಇದ್ದೇ ಇರುತ್ತದೆ. ಮರದ ಕುದುರೆ ಹತ್ತಿ ಒಂದು ಪೂರ್ತಿ ಆಟ ತಿರುಗಿ ಇಳಿದರೆ ಆಯಿತು, ಮನುಷ್ಯ ನೆಟ್ಟಗೆ. ಆಟ ಅರ್ಧಕ್ಕೆ ನಿಂತರೆ ಇನ್ನೊಂದು ಕಡೆ ಹತ್ತಿ ಸರಿಮಾಡಿಕೊಳ್ಳಬಹುದು. ಪೂರ್ತಿಯಾದರೆ ಮಾತ್ರ ಮೈ ಅದನ್ನು ಹಿಡಿದುಬಿಡುತ್ತದೆ. ಆಮೇಲೆ ಮುಂದಿನ ಮಳೆಗಾಲ ಕಳೆಯುವ ತನಕ ಹೇಗಿದ್ದೀರೋ ಹಾಗೇ. ಹೀಗಾಗಿ ಮಳೆ ನಿಂತ ಮೇಲೆ ನಮ್ಮ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ತೊಟ್ಟಿಲು ಹುಡುಕಿಕೊಂಡು ಹೊರಡುತ್ತದೆ. ನಮಗೆ ಅದೇ ಪ್ರವಾಸ, ಅದೇ ಔಷಧಿ.

ಇದೆಲ್ಲ ಬಲಕ್ಕೆ ವಾಲಿದವರ ಸುಖ. ಊರಿನಲ್ಲಿ ಮುಕ್ಕಾಲುಪಾಲು ಜನ ಬಲಕ್ಕೇ ವಾಲುವುದು. ನಾನು ಎಡಕ್ಕೆ. ಕುದುರೆ ತೊಟ್ಟಿಲುಗಳೆಲ್ಲ ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ, ನಡುಗಂಬವನ್ನು ಬಲಕ್ಕಿಟ್ಟುಕೊಂಡು ತಿರುಗುತ್ತವೆ. ಬಲಕ್ಕೆ ವಾಲಿದವರನ್ನು ಎಡಕ್ಕೆ ತಳ್ಳಿ ನೆಟ್ಟಗೆ ನಿಲ್ಲಿಸುತ್ತವೆ. ನನ್ನಂಥವಳು ಹತ್ತಿದರೆ ಎಡಕ್ಕೆ ಇನ್ನೊಂದು ನೂಕು. ನಾನು ಚಿಕ್ಕವಳಿದ್ದಾಗ ಪಕ್ಕದೂರಲ್ಲಿ ಕೈಯಿಂದ ತೊಟ್ಟಿಲು ತಿರುಗಿಸುವ ಒಬ್ಬ ತಾತ ಇದ್ದರು. ಅಪ್ಪ ಕೇಳಿಕೊಂಡರೆ ಪಾಪ, ನನಗೋಸ್ಕರ ಉಲ್ಟಾ ತಿರುಗಿಸುತ್ತಿದ್ದರು. ಆ ತಾತ ಹೋದರು, ಅವರ ತೊಟ್ಟಿಲು ಗುಜರಿಗೆ ಹೋಯಿತು, ಎಲ್ಲ ಕಡೆ ಮೋಟರು ಬಂತು. ಆಗಿನಿಂದ ನಾನು ವಾಲಿಕೊಂಡೇ ಇದ್ದೆ. ವಾಲಿಕೊಂಡೇ ಮದುವೆಯಾದೆ, ವಾಲಿಕೊಂಡೇ ಗಂಡನ ಮೊಟ್ಟೆ ವ್ಯಾಪಾರಕ್ಕೆ ವ್ಯಾನು ಓಡಿಸಲು ಕಲಿತೆ. ಸ್ಟೀರಿಂಗನ್ನು ಯಾವಾಗಲೂ ಒಂದು ಚೂರು ಬಲಕ್ಕೆ ಎಳೆದು ಹಿಡಿದರೆ ವ್ಯಾನು ರಸ್ತೆಯ ಮೇಲೇ ಇರುತ್ತಿತ್ತು. ಮೊಟ್ಟೆ ಒಡೆದದ್ದು ಬಹಳ ಅಪರೂಪ.

ಹೀಗಿರುವಾಗ ಬಸ್ ಡಿಪೋದವರು ಹೆಣ್ಣುಮಕ್ಕಳನ್ನೂ ಡ್ರೈವರ್ ಕೆಲಸಕ್ಕೆ ಕರೆದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸು ಓಡಿಸಬೇಕು ಅನ್ನುವುದು ನನ್ನ ಎಷ್ಟೋ ವರ್ಷದ ಆಸೆ. ಅಷ್ಟು ದೊಡ್ಡ ಗಾಡಿ, ಅಷ್ಟೊಂದು ಜನ, ಅಷ್ಟು ಎತ್ತರದ ಸೀಟು! ಅರ್ಜಿ ಹಾಕಿದೆ, ರಸ್ತೆಯ ಮೇಲಿನ ಪರೀಕ್ಷೆಯಲ್ಲೂ ಪಾಸಾದೆ. ಉಳಿದದ್ದು ದಾರದ ಪರೀಕ್ಷೆ. ಡಿಪೋದ ತೊಲೆಯಿಂದ ಒಂದು ದಾರಕ್ಕೆ ಕಬ್ಬಿಣದ ಗುಂಡು ಕಟ್ಟಿ ಇಳಿಬಿಟ್ಟಿರುತ್ತಾರೆ. ಅದರ ಹಿಂದೆ ನಿಂತಾಗ ಮೂಗೂ ಹೊಕ್ಕುಳೂ ದಾರದ ನೇರಕ್ಕೆ ಬರಬೇಕು. ವಾಲಿದವರಿಗೆ ಬಸ್ಸು ಕೊಡುವುದಿಲ್ಲ. ಹಿಂದೆ ಒಬ್ಬ ಡ್ರೈವರು ತಾನು ವಾಲಿದ ಕಡೆಗೇ ಬಸ್ಸನ್ನೂ ಕರೆದುಕೊಂಡು ಹೋಗಿ, ಪ್ರಯಾಣಿಕರ ಸಮೇತ ಕಬ್ಬಿನ ಗದ್ದೆಯಲ್ಲಿ ನಿಲ್ಲಿಸಿದ್ದನಂತೆ. ದಾರದ ಪರೀಕ್ಷೆ ಸೋಮವಾರ ಬೆಳಿಗ್ಗೆ. ಇದು ತಪ್ಪಿದರೆ, ಮತ್ತೆ ಕರೆಯುವ ಹೊತ್ತಿಗೆ ನನ್ನ ವಯಸ್ಸು ದಾಟಿರುತ್ತಿತ್ತು.

"ಬಸ್ಸು ಓಡಿಸ್ತಾಳಂತೆ ಬಸ್ಸು!" ಅಂದರು ನಮ್ಮತ್ತೆ. ನಮ್ಮತ್ತೆ ಪುಟ್ಟನರಸಮ್ಮನವರನ್ನು ನಿಮಗೆ ಪರಿಚಯ ಮಾಡಿಸಬೇಕು. ನಮ್ಮೂರಲ್ಲಿ ಅವರಷ್ಟು ನೆಟ್ಟಗಿನ ಮನುಷ್ಯರು ಇನ್ನೊಬ್ಬರಿಲ್ಲ. ಎಂಥ ಮಳೆಗಾಲ ಬಂದರೂ ಅವರು ವಾಲುವುದು ಕಣ್ಣಿಗೆ ಕಾಣದಷ್ಟು, ಒಂದು ಆಟ ತಿರುಗಿ ಬಂದರೆ ಅದೂ ಇಲ್ಲ. ಮೇಸ್ತ್ರಿಯೇ ವಾಲಿದ್ದರೆ ಅವನ ಕಣ್ಣಿಗೆ ಯಾವುದು ನೆಟ್ಟಗೆ ಕಂಡೀತು ಹೇಳಿ? ಅದಕ್ಕೇ ದಾರದ ಗುಂಡಿದ್ದರೂ ನಮ್ಮೂರಲ್ಲಿ ಹೊಸ ಮನೆಗೆ ಬಾಗಿಲ ಚೌಕಟ್ಟು ನಿಲ್ಲಿಸುವಾಗ ಅತ್ತೆಯನ್ನು ಕರೆಯುತ್ತಾರೆ. ಅವರು ಹೊಸ್ತಿಲ ಪಕ್ಕದಲ್ಲಿ ಕಂಬದ ಹಾಗೆ ನಿಲ್ಲುತ್ತಾರೆ, ಅವರನ್ನು ನೋಡಿಕೊಂಡು ಮೇಸ್ತ್ರಿ ಚೌಕಟ್ಟನ್ನು ಸರಿಮಾಡುತ್ತಾನೆ. ಆಮೇಲೆ ಅವರಿಗೆ ಅರಿಶಿನ ಕುಂಕುಮ, ರವಿಕೆ ಕಣ, ಮೊದಲನೇ ಪಂಕ್ತಿಯಲ್ಲಿ ಮೊದಲನೇ ಎಲೆ. ಊರಿನ ಅರ್ಧ ಬಾಗಿಲುಗಳು ನಮ್ಮತ್ತೆಯ ಅಳತೆಗೆ ನಿಂತಿವೆ. ಬೀದಿಯಲ್ಲಿ ಹೋಗುವಾಗ ಅವುಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗುವುದೆಂದರೆ ಅವರಿಗೆ ಊಟ ಮಾಡಿದಷ್ಟು ತೃಪ್ತಿ.

"ತೊಟ್ಟಿಲು ಉಲ್ಟಾ ತಿರುಗಿಸೋರು ಯಾರಾದ್ರೂ ಇರ್ತಾರೆ, ಹುಡುಕಿಕೊಂಡು ಹೋಗ್ತೀನಿ," ಅಂದೆ ನಾನು. ನನ್ನ ಗಂಡ ಚೆಲುವರಾಜು ತಲೆ ಕೆರೆದುಕೊಂಡರು. ಅವರು ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. "ಒಬ್ಬಳೇ ಹೆಂಗೆ ಹೋಗ್ತೀಯ?" ಅಂದರು. ಅಷ್ಟರಲ್ಲಿ ಅತ್ತೆ ಒಳಗಿಂದ ಸೀರೆ ಬದಲಾಯಿಸಿಕೊಂಡು, ಕೈಯಲ್ಲಿ ಬುತ್ತಿ ಹಿಡಿದುಕೊಂಡು ಬಂದೇ ಬಿಟ್ಟರು. "ನಾನು ಬರ್ತೀನಿ. ನಿನಗೋಸ್ಕರ ಅಂತ ಅಂದ್ಕೋಬೇಡ ಮತ್ತೆ. ನಂದೂ ಈ ವರ್ಷದ ಆಟ ಆಗಿಲ್ಲ. ಬುಧವಾರ ಅಕ್ಕಿ ಮಿಲ್ಲಿನ ಸಾಹುಕಾರರ ಮನೆ ಬಾಗಿಲು ನಿಲ್ಲಿಸ್ತಾರೆ, ಅಷ್ಟರೊಳಗೆ ನೆಟ್ಟಗಾಗಬೇಕು ನಾನು." ಅಕ್ಕಿ ಮಿಲ್ಲಿನವರದು ತೇಗದ ಬಾಗಿಲು, ಎರಡಾಳೆತ್ತರ. ಅಂಥ ಬಾಗಿಲಿನ ಪಕ್ಕ ನಿಲ್ಲುವ ಯೋಗ ಅವರಿಗೂ ಮೊದಲ ಸಲ. ಒಂದು ತಿಂಗಳಿಂದ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಶುಕ್ರವಾರ ಬೆಳಿಗ್ಗೆ ಹೊರಟೆವು. ನಮ್ಮದು ಹಳೇ ವ್ಯಾನು, ಮುಂದಿನ ಎರಡು ಸೀಟುಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಡಕ್ಕೆ ವಾಲಿದ ನಾನು ಡ್ರೈವರ್ ಸೀಟಿನಲ್ಲಿ ಕೂತರೆ ಸೀದಾ ಅತ್ತೆಯ ಭುಜದ ಮೇಲೆ. ಅವರು ದಾರಿಯುದ್ದಕ್ಕೂ ಭುಜದಿಂದ ನನ್ನನ್ನು ಹಿಂದಕ್ಕೆ ತಳ್ಳುತ್ತಾ, "ಬಲಕ್ಕೆ, ಬಲಕ್ಕೆ, ಅಯ್ಯೋ ಚರಂಡಿ ಕಣೇ, ಬಲಕ್ಕೆ!" ಅನ್ನುತ್ತಾ ಬಂದರು. ಹಿಂದೆ ಮೊಟ್ಟೆಯ ಟ್ರೇಗಳಿದ್ದವು, ದಾರಿಯ ಅಂಗಡಿಗಳಿಗೆ ಹಾಕಿಕೊಂಡು ಹೋಗೋಣ ಅಂತ. ಹಸಿವಾದಾಗ ಅತ್ತೆ ಬೇಯಿಸಿದ ಮೊಟ್ಟೆ ಸುಲಿದು, ಉಪ್ಪು ಮೆಣಸು ಹಚ್ಚಿ ನನ್ನ ಬಾಯಿಗೇ ಇಡುತ್ತಿದ್ದರು. ಬಾಯಿಗೆ ಇಡುವಾಗಲೂ ಬೈಗುಳ ನಿಲ್ಲುತ್ತಿರಲಿಲ್ಲ.

ಮೊದಲು ಸಿಕ್ಕಿದ್ದು ಕೆರೆ ದಂಡೆಯ ಒಂದು ಮಕ್ಕಳ ಪಾರ್ಕು. ಬಣ್ಣ ಹೋದ ಜಾರುಬಂಡೆ, ಮೂತಿ ಮುರಿದ ಸಿಮೆಂಟಿನ ಜಿರಾಫೆ, ಮಧ್ಯದಲ್ಲಿ ಪುಟ್ಟದೊಂದು ಕುದುರೆ ತೊಟ್ಟಿಲು. ನೋಡಿಕೊಳ್ಳುವವರು ಒಬ್ಬ ವಯಸ್ಸಾದ ಯಜಮಾನರು. ನನ್ನ ಮಾತು ಕೇಳಿ ಬೆಚ್ಚಿಬಿದ್ದರು. "ಅಪ್ರದಕ್ಷಿಣೆನಾ? ತಾಯೀ, ಅದು ಸಾವಿನ ಮನೆ ದಿಕ್ಕು. ಮಕ್ಕಳು ಕೂರೋ ತೊಟ್ಟಿಲು ಇದು. ಬೇರೆ ಏನಾದ್ರೂ ಕೇಳಿ, ಕೊಡ್ತೀನಿ," ಅಂದರು. ಅತ್ತೆ ಅವರ ಪರ ವಹಿಸಿ ತಲೆಯಾಡಿಸಿದರು. ಆಮೇಲೆ ಅವರಿಗೆ ಒಂದು ಟ್ರೇ ಮೊಟ್ಟೆ ಮಾರಿ, ಜಾರುಬಂಡೆಯಲ್ಲಿ ಜಾರಿ, "ಇಲ್ಲಿ ಕುದುರೆ ಚಿಕ್ಕವು, ನಾನು ಹತ್ತಲ್ಲ," ಅಂತ ಹೇಳಿ ವ್ಯಾನು ಹತ್ತಿದರು.

ಎರಡನೆಯದು ದನದ ಮೇಳ. ಹುಲ್ಲು, ಸಗಣಿ, ಮಂಡಕ್ಕಿ ಒಗ್ಗರಣೆಯ ವಾಸನೆಗಳೆಲ್ಲ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಒಂದು ಕಡೆ ಕೊಂಬಿಗೆ ಗೊಂಡೆ ಕಟ್ಟಿದ ಎತ್ತುಗಳು, ಇನ್ನೊಂದು ಕಡೆ ಜೈಂಟ್ ವೀಲ್, ದೋಣಿ ಉಯ್ಯಾಲೆ. ಅವು ಮೇಲೆ ಕೆಳಗೆ ಹೋಗುತ್ತವೆಯೇ ಹೊರತು ವಾಲಿದವರಿಗೆ ಅವುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅತ್ತೆ ದೋಣಿಯಲ್ಲಿ ಕೂತು, "ಅಯ್ಯಯ್ಯೋ ಸತ್ತೆ, ನಿಲ್ಸೋ ನಿನ್ ವಂಶ ಹಾಳಾಗ," ಅಂತ ಕಿರುಚಿದ ಕಿರುಚಿಗೆ ಎತ್ತುಗಳು ಹಗ್ಗ ಜಗ್ಗಿದವು. ಇಳಿದವರೇ, "ಚೆನ್ನಾಗಿತ್ತು, ಇನ್ನೊಂದು ಸಲ," ಅಂತ ಮತ್ತೆ ಹೋಗಿ ಕೂತರು. ಕುದುರೆ ತೊಟ್ಟಿಲಿನವನು ಮಾತ್ರ ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳದೆ, ಉಲ್ಟಾ ತಿರುಗಿಸಿದರೆ ಅಪಶಕುನ ಅಂದುಬಿಟ್ಟ. ಮೂಢನಂಬಿಕೆ ಅಂತ ಅವನನ್ನು ಬೈಯಬಹುದಿತ್ತು. ಆದರೆ ನಮ್ಮತ್ತೆಯೇ, "ಅವನು ಹೇಳೋದು ಸರಿ. ಮೂಡಗಡೆಯಿಂದ ತೆಂಕಲು ಹಿಡಿದು ತಿರುಗೋದೇ ಶುಭ," ಅಂತ ಶುರುಮಾಡಿದರೆ ನಾನೇನು ಹೇಳಲಿ.

ಆ ಮೇಳದಲ್ಲಿ ಒಂದು ಕನ್ನಡಿ ಡೇರೆ ಇತ್ತು. ಒಂದು ಕನ್ನಡಿಯಲ್ಲಿ ಗುಂಡಗೆ, ಇನ್ನೊಂದರಲ್ಲಿ ಕಡ್ಡಿಯ ಹಾಗೆ ಕಾಣಿಸುತ್ತಾರಲ್ಲ, ಅಂಥದ್ದು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಕೊನೆಯಲ್ಲಿದ್ದ ಒಂದು ಕನ್ನಡಿಯ ಮುಂದೆ ನಿಂತಾಗ ನಾನು ನೆಟ್ಟಗೆ ಕಾಣಿಸಿದೆ. ಭುಜಗಳು ಸಮ, ತಲೆ ನಡುವೆ. ನನಗೆ ನಗು ಬರಲಿಲ್ಲ. ಖಾಕಿ ಅಂಗಿ ಹಾಕಿದರೆ ಹೇಗೆ ಕಾಣಿಸಬಹುದು ಅಂತ ಯೋಚಿಸುತ್ತಾ ಅಲ್ಲೇ ನಿಂತುಬಿಟ್ಟೆ. ಅತ್ತೆ ಯಾವಾಗ ಹಿಂದೆ ಬಂದು ನಿಂತರೋ ಗೊತ್ತಾಗಲಿಲ್ಲ. ಒಂದು ಸಲ ಕನ್ನಡಿ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. ಅವರು ಬೈಯಲಿಲ್ಲ ನೋಡಿ, ನನಗೆ ಅದೇ ಆಶ್ಚರ್ಯ. "ನಡಿ, ಬಜ್ಜಿ ಆರೋಗುತ್ತೆ," ಅಂದರು, ಅಷ್ಟೇ.

ಶನಿವಾರ ಸಂಜೆ ಮೂರನೆಯ ಊರಿನ ಎಕ್ಸಿಬಿಷನ್ನಿಗೆ ಬಂದೆವು. ಅಲ್ಲಿನ ತೊಟ್ಟಿಲು ಭಾರಿಯಾಗಿತ್ತು, ಕುದುರೆಗಳಿಗೆ ಕನ್ನಡಿ ಚೂರಿನ ಜೀನು, ತಲೆಗೆ ಜುಟ್ಟು. ಮಾಲೀಕ ಒಳ್ಳೆಯವನೇ. "ವೈರು ಆಕಡೆ ಈಕಡೆ ಮಾಡಿದ್ರೆ ಮೋಟರು ಉಲ್ಟಾ ತಿರುಗುತ್ತೆ ಅಕ್ಕ, ಅದೇನು ದೊಡ್ಡದಲ್ಲ," ಅಂದ. ಆದರೆ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ ಅವನ ತಾಯಿ ಕಣ್ಣು ಬಿಟ್ಟರು. "ನಾನು ಬದುಕಿರೋ ತನಕ ಇದು ಉಲ್ಟಾ ತಿರುಗಲ್ಲ. ನಿನ್ನ ಹೆಂಡತಿ ಬಸುರಿ, ನೆನಪಿದೆಯಾ?" ಅಂದರು. ಅವನು ಕೈ ಮುಗಿದ. ನಾನೇನು ಮಾಡಲಿ? ಬಸುರಿ ಹೆಂಗಸಿನ ಹೆಸರು ತೆಗೆದ ಮೇಲೆ ಜಗಳವಾಡಲು ಬಾಯಿ ಬರುತ್ತದೆಯೇ?

ಅತ್ತೆ ತಮ್ಮ ವರ್ಷದ ಆಟಕ್ಕೆ ಕುದುರೆ ಆರಿಸಿಕೊಂಡು ಹತ್ತಿದರು. ಕೆಳಗೆ ನಿಂತು ನೋಡುತ್ತಿದ್ದ ನನಗೆ ಒಳಗೊಳಗೇ ಏನೋ ಕುದಿಯಲು ಶುರುವಾಯಿತು. ಇವರೆಲ್ಲ ನೆಟ್ಟಗಾಗುತ್ತಾರೆ, ನಾನೊಬ್ಬಳು ಮಾತ್ರ ಹೀಗೇ ಸಾಯಬೇಕು. ಬಸ್ಸೂ ಬೇಡ ಏನೂ ಬೇಡ, ವಾಲಿದರೆ ವಾಲಲಿ, ನೆಲಕ್ಕೆ ಬೀಳುವಷ್ಟು ವಾಲಲಿ ಅಂತ ಸಿಟ್ಟಿನಿಂದ ಹೋಗಿ ಅತ್ತೆಯ ಹಿಂದಿನ ಕುದುರೆ ಹತ್ತಿ ಕೂತೆ. ತೊಟ್ಟಿಲು ಹೊರಟೇ ಬಿಟ್ಟಿತು.

ಅತ್ತೆ ಹಿಂದಿರುಗಿ ನೋಡಿದವರೇ ಹೌಹಾರಿದರು. "ಏಯ್, ಇಳಿಯೇ! ಜಲಜ, ಇಳಿ! ತಲೆ ಕೆಟ್ಟಿದೆಯಾ ನಿನಗೆ? ಸೋಮವಾರ ಪರೀಕ್ಷೆ ಇಟ್ಕೊಂಡು ಇದನ್ನ ಹತ್ತಿದೀಯಲ್ಲೇ!" "ಪರೀಕ್ಷೆಗೆ ಹೋಗಲ್ಲ ನಾನು!" ಅಂತ ನಾನೂ ಕೂಗಿದೆ. ಕತ್ತು ತಿರುಗಿಸಿ ಬೈಯುವುದು ಅವರಿಗೆ ಸಾಕಾಗಲಿಲ್ಲ. ಓಡುತ್ತಿರುವ ಕುದುರೆಯ ಮೇಲೇ ಸೀರೆ ಎತ್ತಿಕಟ್ಟಿ, ಒಂದು ಕಾಲು ಆಚೆಗೆ, ಇನ್ನೊಂದು ಕಾಲು ಈಚೆಗೆ ಹಾಕಿ, ಪೂರ್ತಿ ನನ್ನ ಕಡೆ ತಿರುಗಿ ಕೂತು, ಎರಡೂ ಕೈ ಬೀಸಿಕೊಂಡು ಬೈಯತೊಡಗಿದರು. "ಹೋಗಲ್ಲ ಅಂದ್ರೆ? ಎರಡು ದಿನದಿಂದ ನನ್ನ ಭುಜ ನುಜ್ಜುಗುಜ್ಜಾಗಿದೆ, ಯಾರಿಗೋಸ್ಕರ ಅಂದ್ಕೊಂಡೆ? ಬೀದಿಗೆಲ್ಲ ಹೇಳಿಬಂದಿದೀನಿ ನನ್ನ ಸೊಸೆ ಬಸ್ ಓಡಿಸ್ತಾಳೆ ಅಂತ. ನನ್ನ ಮರ್ಯಾದೆ ತೆಗೀಬೇಡ!" ಬೀದಿಗೆ ಹೇಳಿಬಂದಿದ್ದಾರೆ ಅನ್ನುವುದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಅಳು ನುಗ್ಗಿ ಬಂತು. ಕುದುರೆಯ ಮೇಲೆ ಕೂತು ನಾನು ಅಳುವುದು, ಎದುರಿಗೆ ಅವರು ಬೈಯುವುದು, ಸುತ್ತ ದೀಪಗಳು ತಿರುಗುವುದು ನಡೆದಿರುವಾಗಲೇ ಎಲ್ಲಿಂದಲೋ ಢಂ ಅಂತ ಸದ್ದಾಯಿತು. ಕರೆಂಟು ಹೋಯಿತು. ಆಟ ಅರ್ಧಕ್ಕೇ ನಿಂತಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಇನ್ನು ಇವತ್ತಿಲ್ಲ ಅಂತ ಯಾರೋ ಕೂಗಿ ಹೇಳಿದರು.

ಇಳಿದೆವು. ನಾನು ಎಡಕ್ಕೆ ಇನ್ನೂ ಒಂದು ಗೇಣು ವಾಲಿದ್ದೆ, ಅದು ಗೊತ್ತಿದ್ದದ್ದೇ. ಅತ್ತೆ ನಾಲ್ಕು ಹೆಜ್ಜೆ ನಡೆದು ಬಲಗಡೆಯ ಕಡಲೆಪುರಿ ಗಾಡಿಗೆ ಹೋಗಿ ಬಡಿದುಕೊಂಡರು. "ಯಾವನಯ್ಯ ಇದನ್ನ ಇಲ್ಲಿ ನಿಲ್ಸಿರೋನು?" ಅಂದರು. ನಾನು ಕಣ್ಣೊರೆಸಿಕೊಂಡು ನೋಡಿದೆ. "ಅತ್ತೆ, ನೀವು ಬಲಕ್ಕೆ ವಾಲಿದೀರ." "ಹೋಗೇ, ಕುದುರೆ ತೊಟ್ಟಿಲಿಂದ ಇಳಿದೋರು ಎಲ್ಲಾದ್ರೂ ಬಲಕ್ಕೆ ವಾಲ್ತಾರಾ?" ಅಂದವರು ಗ್ಯಾಸ್‌ಲೈಟು ಹಚ್ಚಿದ ಅಂಗಡಿಯೊಂದರ ಗಾಜಿನಲ್ಲಿ ತಮ್ಮನ್ನು ನೋಡಿಕೊಂಡು ಬಲಭುಜ ತಡವಿಕೊಂಡರು. ನಾನು ಮೆಲ್ಲಗೆ, "ನೀವು ಹೇಗೆ ಕೂತಿದ್ರಿ?" ಅಂತ ಕೇಳಿದೆ. "ಹೇಗೆ ಅಂದ್ರೆ? ನಿನ್ನ ಕಡೆ ಮುಖ ಮಾಡಿ..." ಅಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತೊಟ್ಟಿಲು ಅದೇ ದಿಕ್ಕಿಗೆ ತಿರುಗುತ್ತಿತ್ತು. ಆದರೆ ಬಾಲದ ಕಡೆಗೆ ಮುಖ ಮಾಡಿ ಕೂತವರಿಗೆ ನಡುಗಂಬ ಎಡಕ್ಕೆ ಬಂದಿತ್ತು, ನೂಕು ಬಲಕ್ಕೆ ಬಿದ್ದಿತ್ತು.

ಇಷ್ಟು ಸುಲಭದ್ದು ನಮ್ಮೂರಲ್ಲಿ ಯಾರಿಗೂ ಹೇಗೆ ಹೊಳೆಯಲಿಲ್ಲ ಅಂತ ನೀವು ಕೇಳಬಹುದು. ಹೊಳೆಯುವುದಿಲ್ಲ. ನಮ್ಮ ಕಡೆ ಮಾನಗೆಟ್ಟ ಕೆಲಸ ಮಾಡಿದವರನ್ನು ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿಸುತ್ತಿದ್ದರು. ಈಗ ಆ ಪದ್ಧತಿ ಇಲ್ಲ, ಆದರೂ ಮಗು ಆಟಕ್ಕೆ ಬೆಂಚಿನ ಮೇಲೆ ಹಿಂದುಮುಂದೆ ಕೂತರೂ ತಾಯಿ ಬಂದು ಬೆನ್ನಿಗೆ ಒಂದು ಕೊಡುತ್ತಾಳೆ. ಎಡಕ್ಕೆ ವಾಲಿದವರು ವಾಲಿಕೊಂಡೇ ಇದ್ದರು, ಕುದುರೆಯ ಬಾಲ ನೋಡಿಕೊಂಡು ಕೂರುವ ಯೋಚನೆ ಯಾರೂ ಮಾಡಿರಲಿಲ್ಲ.

ಭಾನುವಾರ ಊರಿನ ಕಡೆ ಹೊರಟೆವು. ದಾರಿಯಲ್ಲಿ ಇನ್ನು ಒಂದೇ ತೊಟ್ಟಿಲು ಉಳಿದಿತ್ತು, ನಮ್ಮೂರಿಗೆ ಹತ್ತಿರದ ಒಂದು ಸಣ್ಣ ಮೋಜಿನ ಪಾರ್ಕಿನಲ್ಲಿ. "ನೀನು ಹಿಂದುಮುಂದೆ ಕೂರು, ನಾನು ಸರಿಯಾಗಿ ಕೂರ್ತೀನಿ. ಇಬ್ರೂ ನೆಟ್ಟಗೆ ಮನೆಗೆ ಹೋಗೋಣ," ಅಂತ ಅತ್ತೆ ದಾರಿಯುದ್ದಕ್ಕೂ ಧೈರ್ಯ ಹೇಳಿದರು. ನಾನು ಎಡಕ್ಕೆ, ಅವರು ಬಲಕ್ಕೆ. ಸೀಟಿನಲ್ಲಿ ಇಬ್ಬರ ತಲೆಯೂ ನಡುವೆ ಸೇರಿ ಟಣ್ ಅಂತ ಬಡಿದುಕೊಳ್ಳುತ್ತಿತ್ತು. ಪ್ರತಿ ಗುಂಡಿಗೂ ಒಂದು ಸಲ "ಅಯ್ಯೋ" ಅಂತ ಅವರು, "ಅಮ್ಮಾ" ಅಂತ ನಾನು. ಕೊನೆಗೆ ನಗು ತಡೆಯಲಾಗದೆ ವ್ಯಾನು ನಿಲ್ಲಿಸಿ ನಕ್ಕೆವು.

ಪಾರ್ಕಿಗೆ ಬಂದು ನೋಡಿದರೆ ನಮ್ಮೂರೇ ಅಲ್ಲಿತ್ತು. ಭಾನುವಾರ ನೋಡಿ. ಎದುರು ಮನೆಯ ಮುನಿರತ್ನಮ್ಮ, ಡ್ರಾಯಿಂಗ್ ಮೇಷ್ಟ್ರು ಅಶ್ವತ್ಥಯ್ಯ, ಅಕ್ಕಿ ಮಿಲ್ಲಿನವರ ಸಂಸಾರ, ಎಲ್ಲರೂ ಮಂಡಕ್ಕಿ ತಿನ್ನುತ್ತಾ ತೊಟ್ಟಿಲಿನ ಸುತ್ತ ನಿಂತಿದ್ದರು. ಇನ್ನೊಂದು ಗ್ರಹಚಾರ ಏನೆಂದರೆ, ಆ ಕುದುರೆಗಳನ್ನು ಮಾಡಿದವನು ಕಿವಿಗಳನ್ನು ಉದ್ದ ಮಾಡಿಬಿಟ್ಟಿದ್ದ. ಕುದುರೆ ಅಂತ ಬೋರ್ಡು ಬರೆದಿದ್ದರೂ ಜನರ ಬಾಯಲ್ಲಿ ಅದು ಕತ್ತೆ ತೊಟ್ಟಿಲು. ನಾನು ಆ ಕಿವಿಗಳನ್ನು ನೋಡಿದೆ, ನಮ್ಮೂರ ಮುಖಗಳನ್ನು ನೋಡಿದೆ. ಹತ್ತಿ ಎಲ್ಲರ ಹಾಗೆ ಮುಂದಕ್ಕೇ ಮುಖ ಮಾಡಿ ಕೂತೆ. ಕಾಲು ಎತ್ತಿ ತಿರುಗಲು ನನ್ನಿಂದ ಆಗಲಿಲ್ಲ. ಡಿಪೋ, ಖಾಕಿ ಅಂಗಿ, ಎತ್ತರದ ಸೀಟು, ಎಲ್ಲ ನೆನಪಾಯಿತು. ಆದರೂ ಕಾಲು ಏಳಲಿಲ್ಲ.

"ಯಾಕೇ, ತಿರುಗು," ಅಂದರು ಅತ್ತೆ ಮುಂದಿನ ಕುದುರೆಯಿಂದ. "ಆಗಲ್ಲ ಅತ್ತೆ. ಎಲ್ಲರೂ ನೋಡ್ತಿದಾರೆ." ನಾನು ಅಳುವುದೊಂದು ಬಾಕಿ. ಗೇಟಿನವನು ಗಂಟೆ ಹೊಡೆಯಲು ಕೈ ಎತ್ತಿದ. ಅತ್ತೆ, "ತಡಿಯಪ್ಪ!" ಅಂತ ಒಂದು ಕೂಗು ಹಾಕಿದರು. ಆಮೇಲೆ ಊರಿಗೆ ಊರೇ ನೋಡುತ್ತಿರುವಾಗ ಸೀರೆ ಎತ್ತಿಕಟ್ಟಿ, ಕಾಲು ಆಚೆಗೆ ಹಾಕಿ, ಉದ್ದ ಕಿವಿಯ ಆ ಕುದುರೆಯ ಮೇಲೆ ಹಿಂದುಮುಂದಾಗಿ ಜಮಾಯಿಸಿ ಕೂತರು. "ಅತ್ತೆ, ಏನ್ಮಾಡ್ತಿದೀರ? ನೀವು ಸರಿಯಾಗಿ ಕೂರಬೇಕು! ಪೂರ್ತಿ ಆಟ ಆದ್ರೆ ಮೈ ಅದನ್ನೇ ಹಿಡಿದುಬಿಡುತ್ತೆ, ವರ್ಷವಿಡೀ ವಾಲಿರ್ತೀರ. ಬುಧವಾರ ಬಾಗಿಲು!" ಅಂದೆ. ಅವರು ನನ್ನ ಮುಖ ನೋಡಿಕೊಂಡು ತಣ್ಣಗೆ ಹೇಳಿದರು: "ಒಬ್ಬಳೇ ಹಿಂಗೆ ಕೂತ್ರೆ ಅದು ಮೆರವಣಿಗೆ ಕಣೇ. ಇಬ್ರು ಕೂತ್ರೆ ಆಟ. ತಿರುಗು."

ತಿರುಗಿದೆ. ಈಗ ನನಗೆ ಅತ್ತೆ ಕಾಣಿಸುತ್ತಿರಲಿಲ್ಲ, ಅವರಿಗೆ ನನ್ನ ಬೆನ್ನು ಮಾತ್ರ. ಮುನಿರತ್ನಮ್ಮ ಕೆಳಗಿನಿಂದ, "ಏನ್ ಪುಟ್ಟನರಸಮ್ಮ, ಅತ್ತೆ ಸೊಸೆ ಸೇರಿ ಏನು ತಪ್ಪು ಮಾಡ್ಕೊಂಡ್ರಿ?" ಅಂತ ಕೇಳಿದರು. ಜನ ಗೊಳ್ಳೆಂದು ನಕ್ಕರು. "ಮೊಟ್ಟೆ ಕದ್ವಿ! ನಿಮ್ಮನೇದೇ! ಬಂದು ಹಿಡ್ಕೊಳ್ಳಿ!" ಅಂತ ನನ್ನ ಬೆನ್ನ ಹಿಂದಿನಿಂದ ಅತ್ತೆಯ ಗಂಟಲು ಮೊಳಗಿತು. ಗಂಟೆ ಬಾರಿಸಿತು, ತೊಟ್ಟಿಲು ತಿರುಗಿತು. ಲೋಕವೆಲ್ಲ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋಯಿತು. ನನ್ನ ಎಡಭುಜ ಒಂದೊಂದೇ ಕೂದಲೆಳೆಯಷ್ಟು ಮೇಲೇಳುವುದು ಗೊತ್ತಾಗುತ್ತಿತ್ತು. ಖುಷಿಗೂ ಕೂಗಿದೆ, ಹೆದರಿಕೆಗೂ ಕೂಗಿದೆ, ಅತ್ತೆಯನ್ನು ನೆನೆದು ಅತ್ತೂ ಬಿಟ್ಟೆ. ಆಟ ನಿಲ್ಲುವ ಹೊತ್ತಿಗೆ ಕುದುರೆಯ ಮೇಲೆ ನೇರ ಕಡ್ಡಿಯ ಹಾಗೆ ಕೂತಿದ್ದೆ.

ಕೆಳಗೆ ನಗು ನಿಂತಿತ್ತು. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅಶ್ವತ್ಥಯ್ಯ ಮೇಷ್ಟ್ರಿಗೆ. ಅವರೂ ನನ್ನ ಹಾಗೆ ಎಡದವರು. ಬೋರ್ಡಿನ ಮೇಲೆ ಅವರು ಬರೆದ ಮನೆಗಳೆಲ್ಲ ಬೀಳುವ ಹಾಗಿರುತ್ತವೆ ಅಂತ ಮಕ್ಕಳು ಆಡಿಕೊಳ್ಳುತ್ತಿದ್ದರು. ಅವರು ಕೊಡೆಯನ್ನು ಹೆಂಡತಿಯ ಕೈಗೆ ಕೊಟ್ಟು, ಪಂಚೆ ಮೇಲೆ ಕಟ್ಟಿ, ಒಂದು ಮಾತೂ ಆಡದೆ ಹೋಗಿ ಹಿಂದುಮುಂದಾಗಿ ಕೂತರು. ಅವರ ಹಿಂದೆಯೇ ಕುಂಬಾರ ಬೀದಿಯ ಇಬ್ಬರು, ಆಮೇಲೆ ಅಂಚೆ ಕಚೇರಿಯವರು. ಆ ಸಂಜೆ ಕತ್ತೆ ತೊಟ್ಟಿಲು ಬಿಡುವಿಲ್ಲದೆ ತಿರುಗಿತು, ಎದುರುಬದುರು ಕೂತವರು ಒಬ್ಬರನ್ನೊಬ್ಬರು ನೋಡಿ ನಗುವುದೇ ನಗುವುದು. ಆದರೆ ನಮ್ಮತ್ತೆ ಬಲಕ್ಕೆ ಎಷ್ಟು ವಾಲಿದ್ದರೆಂದರೆ ಬೈತಲೆಯ ಕುಂಕುಮ ಭುಜದ ನೇರಕ್ಕೆ ಬಂದಿತ್ತು. ಅಕ್ಕಿ ಮಿಲ್ಲಿನ ಸಾಹುಕಾರರ ಹೆಂಡತಿ ಅವರನ್ನು ಮೇಲಿಂದ ಕೆಳಗಿನ ತನಕ ನೋಡಿ ಆಚೆ ಹೋದರು. ಅತ್ತೆಗೆ ಅರ್ಥವಾಯಿತು. "ಮೇಸ್ತ್ರಿ ದಾರ ಇಳಿಬಿಟ್ಟು ನೋಡ್ಕೋತಾನೆ ಬಿಡು," ಅಂದರು ನನಗೆ. ಅಂದದ್ದು ಸಲೀಸಾಗಿಯೇ. ಆದರೆ ವ್ಯಾನು ಹತ್ತುವ ಮುಂಚೆ ಅಕ್ಕಿ ಮಿಲ್ಲಿನವರ ಕಡೆ ಇನ್ನೊಂದು ಸಲ ತಿರುಗಿ ನೋಡಿದರು. ಹೋಗುವಾಗ ನಾನು ಅವರ ಭುಜದ ಮೇಲೆ ವಾಲಿದ್ದೆ, ಬರುವಾಗ ಅವರು ನನ್ನ ಭುಜದ ಮೇಲೆ ವಾಲಿದ್ದರು. ನಾನು ತಳ್ಳಲಿಲ್ಲ.

ಸೋಮವಾರ ದಾರ ನನ್ನ ಮೂಗಿನ ನೇರಕ್ಕೆ ನಿಂತಿತು. ಬುಧವಾರ ತೇಗದ ಬಾಗಿಲು ನಿಂತಿತು, ನಮ್ಮ ಮನೆಗೆ ಊಟಕ್ಕೆ ಮಾತ್ರ ಕರೆ ಬಂತು. ಅತ್ತೆ ಹೋಗಲಿಲ್ಲ, ತಲೆನೋವು ಅಂದರು. ಆ ವರ್ಷ ಊರಲ್ಲಿ ಎಷ್ಟೋ ಮನೆ ಎದ್ದವು, ಒಬ್ಬರೂ ಅವರನ್ನು ಬಾಗಿಲಿಗೆ ಕರೆಯಲಿಲ್ಲ. ಅವರೇನೂ ಗೊಣಗಲಿಲ್ಲ. ನನ್ನ ಬಸ್ಸು ಬರುವ ಹೊತ್ತಿಗೆ ಅಂಗಡಿಯ ಮುಂದೆ ನಿಂತು, ಹೋಗುವವರು ಬರುವವರಿಗೆಲ್ಲ, "ನೋಡಿ, ಹೆಂಗೆ ತಿರುಗಿಸ್ತಾಳೆ," ಅನ್ನುತ್ತಿದ್ದರಂತೆ. ಬೀದಿಯಲ್ಲಿ ನಡೆಯುವಾಗ ಮಾತ್ರ ಬಾಗಿಲುಗಳ ಕಡೆ ನೋಡುವುದನ್ನು ಬಿಟ್ಟಿದ್ದರು. ಅದು ನನ್ನ ಕರುಳಿಗೆ ಚುಚ್ಚುತ್ತಿತ್ತು.

ಬೇಸಿಗೆಯಲ್ಲಿ ನಾವು ಮೊಟ್ಟೆ ಅಂಗಡಿಗೆ ಒಂದು ಹೊಸ ಕೋಣೆ ಕಟ್ಟಿಸಿದೆವು. ಬಾಗಿಲು ನಿಲ್ಲಿಸುವ ದಿನ ಮೇಸ್ತ್ರಿ ದಾರದ ಗುಂಡು ತೆಗೆದ. "ಅದನ್ನ ಒಳಗಿಡಿ. ನಮ್ಮತ್ತೆ ನಿಲ್ತಾರೆ," ಅಂದೆ ನಾನು. ಮೇಸ್ತ್ರಿ ನನ್ನ ಗಂಡನ ಮುಖ ನೋಡಿದ. ಅವರು, "ಆಕೆ ಹೇಳಿದ ಹಾಗೆ ಮಾಡಪ್ಪ," ಅಂದರು. ಅತ್ತೆ ಅಡಿಗೆಮನೆಯಿಂದ ಓಡಿ ಬಂದರು. "ಬುದ್ಧಿ ಇದೆಯೇನೇ? ನಾನು ವಾಲಿದೀನಿ, ಬಾಗಿಲೂ ವಾಲುತ್ತೆ." "ಗೊತ್ತು. ನಿಂತ್ಕೊಳ್ಳಿ," ಅಂದೆ. "ಜನ ನಗ್ತಾರೆ." "ನಗಲಿ. ಇಬ್ರು ಇದೀವಲ್ಲ." ಅವರು ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟುಕೊಂಡು ಬಂದು ಹೊಸ್ತಿಲ ಪಕ್ಕ ಕಂಬದ ಹಾಗೆ, ಬಲಕ್ಕೆ ವಾಲಿದ ಕಂಬದ ಹಾಗೆ ನಿಂತರು. ಕಣ್ಣು ತುಂಬಿತ್ತು, ಒರೆಸಿಕೊಂಡರೆ ಎಲ್ಲಿ ಅಳತೆ ಕೆಡುತ್ತದೋ ಅಂತ ಒರೆಸಿಕೊಳ್ಳಲಿಲ್ಲ. ಮೇಸ್ತ್ರಿ ಅವರ ನೇರಕ್ಕೇ ಚೌಕಟ್ಟು ನಿಲ್ಲಿಸಿದ. ನಾನು ಅರಿಶಿನ ಕುಂಕುಮ ಕೊಟ್ಟು, ಮೊದಲನೇ ಎಲೆ ಹಾಕಿ ಬಡಿಸಿದೆ.

ಮುಂದಿನ ಮಳೆಗಾಲ ಕಳೆದ ಮೇಲೆ ಅತ್ತೆ ನೆಟ್ಟಗಾದರು, ಊರಿನ ಬಾಗಿಲುಗಳೆಲ್ಲ ಮತ್ತೆ ಅವರ ಪಾಲಿಗೆ ಬಂದವು. ನಮ್ಮ ಅಂಗಡಿಯ ಬಾಗಿಲು ಮಾತ್ರ ಹಾಗೇ ಇದೆ. ಮುಚ್ಚಿದರೆ ತಾನಾಗಿಯೇ ತೆರೆದುಕೊಳ್ಳುತ್ತದೆ, ಗೊತ್ತಿಲ್ಲದವರು ಹಣೆ ಬಡಿದುಕೊಳ್ಳುತ್ತಾರೆ. ಸರಿಮಾಡಿಕೊಡುತ್ತೇನೆ ಅಂತ ಬಂದ ಬಡಗಿಗೆ ಅತ್ತೆ, "ಮುಟ್ಟಿದ್ರೆ ಕೈ ಮುರೀತೀನಿ, ಅದು ನನ್ನ ಸೊಸೆ ನಿಲ್ಸಿದ್ದು," ಅಂದರಂತೆ. ಸಂಜೆ ನನ್ನ ಬಸ್ಸು ತಿರುವಿಗೆ ಬಂದಾಗ ಒಂದು ಸಲ ಹಾರ್ನ್ ಹೊಡೆಯುತ್ತೇನೆ. ಅಷ್ಟು ನೆಟ್ಟಗಿರುವ ನಮ್ಮತ್ತೆ ಆ ಬಾಗಿಲಿಗೆ ಸರಿಯಾಗಿ ತಲೆಯನ್ನು ಬಲಕ್ಕೆ ವಾಲಿಸಿಕೊಂಡು ಹೊರಗೆ ಬಂದು, ನನಗೆ ಕೈ ಬೀಸುತ್ತಾರೆ.